ತೋರುಬೆರಳು

ಎರಡು ದೋಣಿ ಬದಲಿಸಿ ಬರುತ್ತಾಳೆ ಟೀಚರು ಎದುವಿಗಿಸ್,
ಚಿಲಿಯ ತೆಂಕಣ ಕಡಲಿನ ಒಂದು ಚೂರು ದ್ವೀಪಕ್ಕೆ,
ಮಂಗಳವಾರಕ್ಕೊಮ್ಮೆ, ಅದೂ ನೀರು ಒಪ್ಪಿದರೆ.
ತೊಡೆಯ ಮೇಲೆ ಕಂಬಳಿ ಸುತ್ತಿದ ಗಂಟು.
ಮಗುವೇನೋ ಎಂದು ಅಂಬಿಗ ದನಿ ತಗ್ಗಿಸುತ್ತಾನೆ.
ಕಬ್ಬಿಣ ಕಣಪ್ಪಾ, ಐದು ಕಿಲೋ, ಎನ್ನುತ್ತಾಳೆ,
ಆದರೂ ಮೆಲ್ಲಗೆ ನಡೆಸು.

ಮಾಯ್ತೆನ್‌ಗೆ ಐದು ವರ್ಷ ಎರಡು ತಿಂಗಳು.
ಎಡಗಣ್ಣಿಗೆ ಕಿಟಕಿ ಎಲ್ಲಿದೆ ಎಂಬಷ್ಟು ಗೊತ್ತು,
ಬಲಗಣ್ಣಿಗೆ ಅದೂ ಇಲ್ಲ.
ಹೋದ ತಿಂಗಳು ಕೊಟ್ಟ ಬಿಳಿ ಕೋಲನ್ನು
ಹುಟ್ಟು ಮಾಡಿಕೊಂಡು ಅಂಗಳದಲ್ಲಿ ದೋಣಿ ನಡೆಸಿದಳು,
ಕೋಳಿಗಳನ್ನೆಲ್ಲ ಆಚೆ ದಡಕ್ಕೆ ದಾಟಿಸಿದಳು.
ಟೀಚರು ತಡೆಯಲಿಲ್ಲ. ಪುಸ್ತಕದಲ್ಲಿ ಬರೆದುಕೊಂಡಳು:
ಕೋಲು ಕೈಗೆ ಒಗ್ಗಿದೆ.

ಇವತ್ತು ಯಂತ್ರ.
ಮೊದಲು ಮೂಸಿದಳು. ಆಮೇಲೆ ನೆಕ್ಕಿದಳು.
ಹೊಲಿಗೆ ಮಿಷನ್ನಾ? ಅಜ್ಜಿ ದೊಮಿತಿಲಾ ಒಲೆಯ ಬಳಿಯಿಂದ.
ಹೌದು ಅಂತಿಟ್ಟುಕೊಳ್ಳಿ, ದಾರ ಇಲ್ಲದ್ದು.
ಆರು ಕೀಲಿ, ನಡುವೆ ಉದ್ದದ್ದೊಂದು ಏನೂ ಹೇಳದೆ ಸರಿಯಲು,
ಸಾಲು ಮುಗಿಯುವ ಮುಂಚೆ ಒಂದು ಗಂಟೆ.
ಆ ಗಂಟೆ ಕೇಳಿದ್ದೇ ಸೈ,
ಇಡೀ ಬೆಳಗು ಗಂಟೆಯೇ ಆಯಿತು.
ಕಾಗದದ ತುಂಬ ದಡಾರ ಎದ್ದ ಮೈಯಂತೆ ಗುಳ್ಳೆ,
ಒಂದಕ್ಕೂ ಅರ್ಥವಿಲ್ಲ.
ಅಜ್ಜಿ ಗಡಿಯಾರ ನೋಡಿದಳು. ಟೀಚರು ನೋಡಲಿಲ್ಲ.

ಆ ದ್ವೀಪದಲ್ಲಿ ಆಲೂಗಡ್ಡೆಗೆ ಹತ್ತು ಬಣ್ಣ, ನೂರು ಆಕಾರ.
ಉಗ್ರಾಣದ ಕತ್ತಲಲ್ಲಿ ಬಿತ್ತನೆಯದ್ದು ಬೇರೆ, ಬೇಯಿಸುವುದು ಬೇರೆ
ಆರಿಸಿಡುವವಳು ಇವಳೇ.
ಉಳಿದವರು ದೀಪ ಹುಡುಕುವಷ್ಟರಲ್ಲಿ ಬುಟ್ಟಿ ಖಾಲಿ.
ಇದಕ್ಕೆ ಏಳು ಕಣ್ಣು, ಮೊಳಕೆ ಸವರಿ ಹೇಳುತ್ತಾಳೆ,
ನಂಗೆ ಅರ್ಧ.

ಅಂಥವಳಿಗೆ ಮೊದಲ ಪದ ಬೇರೆ ಯಾವುದು?
ಪಾಪ.
ನೀವು ಬೆಚ್ಚಬೇಡಿ, ಅವರ ನುಡಿಯಲ್ಲಿ ಅದು ಆಲೂಗಡ್ಡೆ.
ನಮ್ಮಲ್ಲಾದರೆ, ಬಸ್ಸಿನಲ್ಲಿ, ಮದುವೆಮನೆಯಲ್ಲಿ,
ಇಂಥ ಮಗುವಿನ ತಲೆ ಸವರಿ ಯಾರೋ ಉಸುರುವ ಮಾತು.
ಅಲ್ಲಿಯೂ ಅದಕ್ಕೊಂದು ಪದ ಇದೆ, ಇದಲ್ಲ;
ಇಗರ್ಜಿಯ ಮೆಟ್ಟಿಲಲ್ಲಿ ಅವಳೂ ಕೇಳಿದ್ದಾಳೆ.

ಎಡಗೈಯ ಮೂರು, ಬಲಗೈಯ ಒಂದು: ಪ.
ಎಡಗೈಯ ಒಂದೇ ಒಂದು: ಅ.
ಮತ್ತೆ ಅದೇ, ಮತ್ತೆ ಅದೇ.
ಉಂಗುರಬೆರಳು ಸೋಲುತ್ತದೆ, ಕಿರುಬೆರಳು ಓಡಿಬಂದು ಕೈಗೂಡಿಸುತ್ತದೆ.
ಮೂರನೆಯ ಮಂಗಳವಾರ ಕಾಗದದಲ್ಲಿ ಬಿಟ್ಟಿತು
ಮಣ್ಣಿಲ್ಲದ ಒಂದು ಗಡ್ಡೆ.

ಅಪ್ಪನೂ ಹೀಗೇನಾ? ಕೇಳಿದಳು.
ಅಪ್ಪ ಉರ್ಬಾನೊ ಸಾಲ್ಮನ್ ಮೀನಿನ ಪಂಜರಗಳ ಕಾವಲಿಗೆ ಹೋದವನು,
ಹದಿನಾಲ್ಕು ದಿನ ನೀರಲ್ಲಿ, ಏಳು ದಿನ ನೆಲದಲ್ಲಿ.
ಗಡ್ಡೆಯೂ ಅಪ್ಪನೂ ಅಲ್ಲಿ ಒಂದೇ ಪದ,
ಕೊನೆಗೊಂದು ಒತ್ತು ಬಿದ್ದರೆ ಅಪ್ಪ.
ಆ ಒತ್ತಿನ ಅಕ್ಷರಕ್ಕೆ ಐದು ಚುಕ್ಕಿ.
ಎಲ್ಲ ಕೀಲಿಯನ್ನೂ ಒತ್ತು, ಎಂದಳು ಟೀಚರು,
ಬಲಗೈಯ ತೋರುಬೆರಳು ಮಾತ್ರ ಎತ್ತಿಡು.

ತೋರುಬೆರಳು.
ಈವರೆಗೆ ಅದು ಏನನ್ನೂ ತೋರಿಸಿದ್ದಿಲ್ಲ,
ಚಂದ್ರನನ್ನು, ಹಡಗನ್ನು, ಕಪಾಟಿನ ಮೇಲಿನ ಬಿಸ್ಕತ್ತನ್ನು.
ಬೇರೆ ಮಕ್ಕಳು ಮಾತಿಗೂ ಮೊದಲು ಕಲಿಯುತ್ತಾರೆ;
ತೋರಿಸಲು ‘ಅಗೋ ಅಲ್ಲಿ’ ಎಂಬುದೊಂದು ಇರಬೇಕಲ್ಲ.
ಐದು ಬೆರಳು ತಗ್ಗಿದವು. ಒಂದು ನಿಂತಿತು,
ಕಿಟಕಿಯ ಕಡೆಗೆ, ಅದರಾಚೆ ನೀರಿನ ಕಡೆಗೆ.
ಗಂಟೆ ಬಾರಿಸಲಿಲ್ಲ. ಸಾಲು ಇನ್ನೂ ಬಾಕಿ ಇತ್ತು.

ಶನಿವಾರ ಬಂದ ಅಪ್ಪನ ಹೆಬ್ಬೆರಳು ಹಿಡಿದು
ಆ ನಾಲ್ಕು ಅಕ್ಷರದ ಮೇಲೆ ಎಳೆದಳು.
ಉಪ್ಪಿಗೆ ಒಡೆದ ಚರ್ಮ, ಏನೂ ತಾಗಲಿಲ್ಲ.
ಗೊತ್ತಾಯ್ತಾ?
ತಲೆಯಲ್ಲಾಡಿಸಿದ. ಆಮೇಲೆ ನೆನಪಾಗಿ, ಇಲ್ಲ, ಎಂದ.
ಅವಳು ಜರುಗಿ ಜಾಗ ಮಾಡಿದಳು ಬೆಂಚಿನ ಮೇಲೆ.
ಅವಸರ ಇಲ್ಲ, ಎಂದಳು, ಥೇಟು ಟೀಚರ ದನಿಯಲ್ಲಿ,
ಮೊದಲು ಗಂಟೆ ಬಾರಿಸಿ ಆಡು.